ನಾಯಿ ತೋಳವಲ್ಲ ಸ್ವಾಮಿ

‘ನಾಯಿ ಎಂದರೆ ತೋಳದ ವಂಶ. ಅದು ಹುಟ್ಟಾ ಮಾಂಸಾಹಾರಿ. ಅದಕ್ಕೆ ಸೊಪ್ಪು ಕಾಳು ತಿನ್ನಿಸುವುದು ಹಿಂಸೆ.’ ಪ್ರಾಣಿಮೂಲದ್ದೇನನ್ನೂ ತಿನ್ನದ ವೀಗನ್ ನಾಯಿಯ ಸುದ್ದಿ ಎತ್ತಿದರೆ ಸಾಕು, ಈ ಮೂರು ವಾಕ್ಯ ಇದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಹೇಳುವವರಲ್ಲಿ ನಾಯಿ ಸಾಕಿದವರಿದ್ದಾರೆ, ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವವರೂ ಇದ್ದಾರೆ. ಬ್ರಿಟನ್ನಿನಲ್ಲಂತೂ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಸಾಕುಪ್ರಾಣಿಗೆ ‘ತಕ್ಕ ಆಹಾರ’ ಕೊಡಬೇಕು ಎಂದಿರುವುದನ್ನೇ ಹಿಡಿದು, ನಾಯಿಗೆ ಮಾಂಸ ತಪ್ಪಿಸುವುದು ಕಾನೂನಿಗೇ ವಿರುದ್ಧ ಎಂದು ವಾದಿಸಿದವರಿದ್ದರು. 2024ರ ಜುಲೈಯಲ್ಲಿ ಅದೇ ದೇಶದ ಪಶುವೈದ್ಯರ ಸಂಘ, ಬ್ರಿಟಿಷ್ ವೆಟರ್ನರಿ ಅಸೋಸಿಯೇಷನ್, ತನ್ನ ಹಳೆಯ ವಿರೋಧ ಕೈಬಿಟ್ಟಿತು. ಪೋಷಕಾಂಶಗಳು ಸರಿಯಾಗಿ ಹೊಂದಿದ್ದರೆ ನಾಯಿಗೆ ಸಸ್ಯಮೂಲದ ಆಹಾರ ಕೊಡಬಹುದು, ಪಶುವೈದ್ಯರನ್ನು ಕೇಳಿಕೊಂಡೇ ಕೊಡಿ ಎಂದಿತು. ವೈದ್ಯರು ಮಾತು ಬದಲಿಸಿದರು. ಆ ಮೂರು ವಾಕ್ಯ ಮಾತ್ರ ಅಲ್ಲಿಂದ ಅಲುಗಲಿಲ್ಲ.

ಇದನ್ನು ಬರೆಯುತ್ತಿರುವ ನಾನು ವೀಗನ್ ಅಲ್ಲ. ಭಾನುವಾರದ ಮುದ್ದೆ, ಕೋಳಿಸಾರು ಬಿಡುವ ಉದ್ದೇಶವೂ ನನಗಿಲ್ಲ. ಹಾಗಾಗಿ ಸಸ್ಯಾಹಾರದ ಹಿರಿಮೆ ಸಾರುವುದು ಇಲ್ಲಿ ನನ್ನ ಕೆಲಸವಲ್ಲ. ನನ್ನ ತಕರಾರು ಇಷ್ಟೇ. ನಾಯಿಗೆ ಬೇಕಾದ್ದು ಮಾಂಸ ಎಂದು ನಾವು ನಂಬಿಕೊಂಡಿದ್ದೇವೆ. ಅದಕ್ಕೆ ಬೇಕಾದ್ದು ಇಂತಿಷ್ಟು ಪ್ರೋಟೀನು, ಇಂತಿಂಥ ಅಮೈನೋ ಆಮ್ಲ, ಇಷ್ಟು ಕ್ಯಾಲ್ಸಿಯಂ, ಇಷ್ಟು ವಿಟಮಿನ್ನು. ಅವು ಯಾವ ಅಂಗಡಿಯಿಂದ ಬಂದವು ಎಂದು ಅದರ ಕರುಳು ವಿಚಾರಿಸುವುದಿಲ್ಲ.

ತೋಳದಿಂದಲೇ ಶುರು ಮಾಡೋಣ. ನಾಯಿ ತೋಳದ ಸಂತತಿ ಎಂಬುದು ಸುಳ್ಳಲ್ಲ. ಆದರೆ ಕವಲು ಒಡೆದು ಹದಿನೈದು ಸಾವಿರ ವರ್ಷಕ್ಕೂ ಹೆಚ್ಚಾಗಿದೆ. ಅಷ್ಟೂ ಕಾಲ ಅದು ಮನುಷ್ಯನ ಒಲೆಯ ಸುತ್ತ, ತಿಪ್ಪೆಯ ಸುತ್ತ ಸುಳಿದಿದೆ. ಆ ಸಹವಾಸ ಅದರ ಮೈಯೊಳಗೆ ಏನು ಮಾಡಿತು ಎಂಬುದನ್ನು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. 12 ತೋಳ, 60 ನಾಯಿಗಳ ವಂಶವಾಹಿಗಳನ್ನು ಅವರು ಹೋಲಿಸಿ ನೋಡಿದ್ದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವವನ್ನು ಮೇದೋಜೀರಕ ಗ್ರಂಥಿಯಲ್ಲಿ ತಯಾರಿಸುವ ಜೀನು ತೋಳದಲ್ಲಿ ಎರಡೇ ಪ್ರತಿ. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು ಪ್ರತಿ. ನಾಯಿಯ ರಕ್ತದಲ್ಲಿ ಆ ಕಿಣ್ವದ ಚಟುವಟಿಕೆ ತೋಳಕ್ಕಿಂತ ಸುಮಾರು ಐದು ಪಟ್ಟು. ಅಂದರೆ ನಾವು ಗದ್ದೆ ಹೊಲ ಮಾಡಿಕೊಂಡಾಗ ನಾಯಿಯೂ ನಮ್ಮ ಜೊತೆ ಅನ್ನ ರೊಟ್ಟಿ ಅರಗಿಸಲು ಕಲಿತಿತು. ಬರೀ ರೂಢಿಯಿಂದ ಕಲಿತದ್ದಲ್ಲ, ಅದು ವಂಶವಾಹಿಯಲ್ಲೇ ಕೂತಿದೆ. ತೋಳವನ್ನು ತೋರಿಸಿ ನಾಯಿಯ ತಟ್ಟೆ ನಿರ್ಧರಿಸುವವರು ಈ ಬದಲಾವಣೆ ನಡೆದೇ ಇಲ್ಲ ಎಂಬಂತೆ ಮಾತಾಡುತ್ತಾರೆ.

‘ಹುಲಿ ಹಸಿದರೆ ಹುಲ್ಲು ತಿನ್ನುತ್ತದೆಯೇ’ ಎಂದು ಗಾದೆ ತಂದು ಇಡುವವರೂ ಉಂಟು. ಹುಲಿ ತಿನ್ನದು, ನಿಜ. ಆದರೆ ಪ್ರಾಣಿಶಾಸ್ತ್ರದ ‘ಕಾರ್ನಿವೋರಾ’ (ಮಾಂಸಾಹಾರಿ) ಎಂಬ ಗಣದಲ್ಲಿ ಹುಲಿ ಮಾತ್ರ ಇಲ್ಲ. ಬಿದಿರು ಮೇಯುವ ಪಾಂಡಾ ಅದೇ ಗಣದ್ದು. ಹಂಪಿಯ ಹತ್ತಿರ ದರೋಜಿ ಕರಡಿಧಾಮದ ಕರಡಿಯೂ ಅದೇ ಗಣದ್ದು. ಅದು ಗೆದ್ದಲು, ಇರುವೆ, ಜೇನು, ಕಾಡುಹಣ್ಣು ತಿಂದು ಬದುಕುತ್ತದೆ. ಅದನ್ನು ಬಂಡೆಯ ಮೇಲೆ ಬರಿಸಲು ಅರಣ್ಯ ಇಲಾಖೆಯವರು ಅಲ್ಲಿ ಸವರುವುದು ಬೆಲ್ಲದ ಪಾಕವನ್ನೇ ಹೊರತು ಕುರಿಯ ತೊಡೆಯನ್ನಲ್ಲ. ಗಣದ ಹೆಸರು ನೋಡಿ ಊಟ ಬಡಿಸಿದರೆ ದರೋಜಿಯ ಕರಡಿ ಉಪವಾಸ ಬೀಳುತ್ತದೆ.

‘ಹಾಗಾದರೆ ಮಾಂಸದ ವಾಸನೆ ಬಂದರೆ ನಾಯಿ ಯಾಕೆ ಬಾಲ ಅಲ್ಲಾಡಿಸುತ್ತದೆ? ಅದರ ಆಸೆ ಅದಕ್ಕೇ ಗೊತ್ತಲ್ಲವೇ?’ ಈ ಪ್ರಶ್ನೆಯನ್ನು ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಸಂಗಡಿಗರು ಬಂಗಾಳದ ಬೀದಿನಾಯಿಗಳ ಮುಂದೆಯೇ ಇಟ್ಟು ನೋಡಿದ್ದಾರೆ. ಬೆಳೆದ ಬೀದಿನಾಯಿ ಮಾಂಸದ ವಾಸನೆ ಇರುವುದಕ್ಕೇ ಮೊದಲು ಬಾಯಿ ಹಾಕುತ್ತದೆ, ಅದರಲ್ಲಿ ನಿಜಕ್ಕೂ ಪ್ರೋಟೀನು ಹೆಚ್ಚಿದೆಯೋ ಇಲ್ಲವೋ ಎಂಬುದು ಬೇರೆ ಮಾತು. ಮರಿಗಳು ಮಾತ್ರ ಹಾಗೆ ಮಾಡಲಿಲ್ಲ. ಅವುಗಳಲ್ಲಿ ಮಾಂಸದ ಕಡೆ ವಿಶೇಷ ಒಲವೇ ಕಾಣಲಿಲ್ಲ. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮಾಂಸದ ಒಲವು ಹುಟ್ಟಿನಿಂದ ಬಂದದ್ದಲ್ಲ, ಬೆಳೆಯುತ್ತ ಬೀದಿಯಲ್ಲಿ ಕಲಿತದ್ದು. ಇರಲಿ, ಹುಟ್ಟಿನಿಂದಲೇ ಬಂದಿತ್ತು ಎಂದುಕೊಳ್ಳೋಣ. ಆಗಲೂ ಆಸೆಯೇ ಅಗತ್ಯವಾಗುವುದಿಲ್ಲ. ಚಾಕೊಲೇಟು ಕಂಡರೆ ನಾಯಿ ಬಿಡುವುದಿಲ್ಲ, ಚಾಕೊಲೇಟು ಅದಕ್ಕೆ ವಿಷ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲೊಂದಕ್ಕೆ ಹಸಿವನ್ನು ಹತೋಟಿಯಲ್ಲಿಡುವ ಜೀನಿನಲ್ಲೇ ಒಂದು ತುಂಡು ಇಲ್ಲ ಎಂದು 2016ರಲ್ಲಿ ಕೇಂಬ್ರಿಜ್ಜಿನ ಸಂಶೋಧಕರು ಕಂಡುಕೊಂಡರು. ಅದರ ಆಸೆಗಣ್ಣನ್ನು ನಂಬಿ ಬಡಿಸಿದವರ ಮನೆಯ ಲ್ಯಾಬು ಹೇಗೆ ನಡೆಯುತ್ತದೆ ಎಂಬುದನ್ನು ಯಾವ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಾದರೂ ನೋಡಬಹುದು.

ಇನ್ನು ನಮ್ಮ ಹಳ್ಳಿಯ ನಾಯಿ. ಅದು ಯಾವ ಕಾಲದಲ್ಲಿ ತೋಳದ ಊಟ ಉಂಡಿತ್ತು? ಕುರಿ ಕಾಯುವವರ ಹಿಂದೆ ತಿರುಗುವ ನಾಯಿಗೆ ಸಿಗುವುದು ಮುದ್ದೆ, ಅಂಬಲಿ, ತಂಗಳು ರೊಟ್ಟಿ. ಮುಧೋಳದ ಸುತ್ತಿನ ಹಳ್ಳಿಗಳಲ್ಲಿ ಬೇಟೆನಾಯಿ ಸಾಕುವ ರೈತರು ಅದಕ್ಕೆ ಹಾಕುತ್ತ ಬಂದದ್ದು ಜೋಳ, ಮೆಕ್ಕೆಜೋಳ, ಬೇಳೆ, ಹಾಲು, ಯಾವಾಗಲಾದರೂ ಒಂದು ಮೊಟ್ಟೆ, ಅಪರೂಪಕ್ಕೆ ಮಾಂಸ. ಮೊಲ ಕಂಡರೆ ಅದು ಬಿಡುವುದಿಲ್ಲ, ಒಪ್ಪಿದೆ. ಆದರೆ ದಿನವೂ ಮೊಲ ಸಿಗುವುದಿಲ್ಲವಲ್ಲ. ಅಷ್ಟು ಊಟದ ಮೇಲೆ ಓಡಿದ ಆ ಸಪೂರ ನಾಯಿಯನ್ನು ನೋಡಿ ಸೈನ್ಯದವರು ಮೀರತ್ತಿಗೆ ಕರೆದೊಯ್ದು ತರಬೇತಿ ಕೊಟ್ಟರು. ಜಿಂಬಾಬ್ವೆಯ ಹಳ್ಳಿನಾಯಿಗಳ ಆಹಾರವನ್ನು ಅಧ್ಯಯನ ಮಾಡಿದವರು ಕಂಡದ್ದೂ ಹೆಚ್ಚುಕಡಿಮೆ ಇದನ್ನೇ. ಅಲ್ಲಿನ ನಾಯಿಯ ಹೊಟ್ಟೆಯ ಬಹುಪಾಲು ತುಂಬುತ್ತಿದ್ದದ್ದು ಮನುಷ್ಯರಿಂದ: ಮೆಕ್ಕೆಜೋಳದ ಗಂಜಿ, ಮನೆಯ ಕಸ, ಮನುಷ್ಯರ ಮಲ. ಕೊನೆಯದನ್ನು ಓದಿ ಮೂಗು ಮುಚ್ಚಿಕೊಳ್ಳುವವರು ನಮ್ಮ ಹಳ್ಳಿಗಳ ಬಯಲು ಕಡೆಯ ಕಾಲವನ್ನು ಮರೆತಿದ್ದಾರೆ.

ಇದನ್ನೆಲ್ಲ ಹೇಳಿದೆನೆಂದು ನಾಯಿಗೆ ಮೊಸರನ್ನ ಹಾಕಿ ಸುಮ್ಮನಿರಿ ಎಂದು ನಾನು ಹೇಳಿದಂತಾಗಲಿಲ್ಲ. ಹಳ್ಳಿಯ ನಾಯಿ ಬದುಕಿತು, ಚೆನ್ನಾಗಿ ಬದುಕಿತು ಎಂದೇನಲ್ಲ. ಅದರ ಆಯಸ್ಸು ಕಡಿಮೆ, ಮರಿಗಳಲ್ಲಿ ಸಾಯುವವೇ ಹೆಚ್ಚು. ತನ್ನ ನಾಯಿಯೂ ‘ಪ್ಯೂರ್ ವೆಜ್’ ಎಂದು ಹೆಮ್ಮೆಯಿಂದ ಹೇಳಿಕೊಂಡು ಎರಡು ಹೊತ್ತು ಹಾಲನ್ನ, ಮೊಸರನ್ನ ಬಡಿಸುವ ಮನೆಗಳು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಬೇಕಾದಷ್ಟಿವೆ. ಅಕ್ಕಿಯಲ್ಲಿ ಪ್ರೋಟೀನು ನೂರಕ್ಕೆ ಏಳು ಪಾಲಿನ ಆಸುಪಾಸು, ರಾಗಿಯಲ್ಲೂ ಅಷ್ಟೇ. ಬೆಳೆದ ನಾಯಿಯ ಆಹಾರದಲ್ಲಿ, ನೀರಿನ ಅಂಶ ಬಿಟ್ಟು ಲೆಕ್ಕ ಹಾಕಿದರೆ, ಕಡಿಮೆಯೆಂದರೂ ನೂರಕ್ಕೆ ಹದಿನೆಂಟು ಪಾಲು ಪ್ರೋಟೀನು ಇರಬೇಕು ಎಂಬುದು ಅಮೆರಿಕದಲ್ಲಿ ಬಳಕೆಯಲ್ಲಿರುವ ಆ್ಯಫ್ಕೊ ಮಾನದಂಡ. ಮರಿಗೆ ಇಪ್ಪತ್ತೆರಡೂವರೆ. ಮೇಲೆ ಸುರಿದ ಎರಡು ಚಮಚ ಮೊಸರು ಈ ಕಂದಕವನ್ನು ಮುಚ್ಚುವುದಿಲ್ಲ. ಕೂದಲು ಉದುರಿ, ಬೆನ್ನುಮೂಳೆ ಎಣಿಸುವಂತಾದ ಇಂಥ ನಾಯಿಗಳನ್ನು ತೋರಿಸಿಯೇ ಎದುರಿನವರು ‘ನೋಡಿ, ಮಾಂಸ ಕೊಡದಿದ್ದರೆ ಹೀಗೆ’ ಎನ್ನುತ್ತಾರೆ. ಆ ನಾಯಿಗೆ ಕಡಿಮೆ ಬಿದ್ದದ್ದು ಮಾಂಸವಲ್ಲ, ಪ್ರೋಟೀನು. ಅದಕ್ಕೆ ಕೋಳಿಯೂ ಪರಿಹಾರ, ಸರಿಯಾಗಿ ಹೊಂದಿಸಿದ ಸೋಯಾವೂ ಪರಿಹಾರ.

ಮಾಂಸ ಹಾಕಿದ ಮಾತ್ರಕ್ಕೆ ಊಟ ಪೂರ್ಣವಾಯಿತು ಎಂಬ ಭ್ರಮೆ ಇನ್ನೂ ಅಪಾಯದ್ದು. ಬರೀ ಮಾಂಸದಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ತೀರಾ ಕಡಿಮೆ. ಮೂಳೆಯಿಲ್ಲದ ಮಾಂಸವನ್ನೇ ತಿಂದು ಬೆಳೆದ ಮರಿಯ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಕಾಲು ಸೊಟ್ಟಗಾಗುತ್ತದೆ, ಜಿಗಿದರೆ ಮುರಿಯುತ್ತದೆ. ಪಶುವೈದ್ಯರಿಗೆ ಇದು ಹಳೆಯ ಪರಿಚಯದ ಕಾಯಿಲೆ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ತಜ್ಞರು ಮನೆಯಲ್ಲಿ ಮಾಡುವ ನಾಯಿ ಊಟದ 200 ಪಾಕವಿಧಾನಗಳನ್ನು ಪುಸ್ತಕಗಳಿಂದ, ಅಂತರ್ಜಾಲದಿಂದ ಹೆಕ್ಕಿ ಪರೀಕ್ಷಿಸಿದರು. ನೂರಕ್ಕೆ 95ರಲ್ಲಿ ಕನಿಷ್ಠ ಒಂದಾದರೂ ಅಗತ್ಯ ಪೋಷಕಾಂಶ ಬೇಕಾದಷ್ಟಿರಲಿಲ್ಲ. ಪ್ರೀತಿಯಿಂದ ಬೇಯಿಸಿದ ಚಿಕನ್ ರೈಸು ಅರೆಕೊರೆ ಎಂದು ಯಾರೂ ಪೊಲೀಸರಿಗೆ ದೂರು ಕೊಡಲು ಹೋಗುವುದಿಲ್ಲ. ಅದೇ ಅರೆಕೊರೆ ಕಡಲೆಕಾಳಿನಲ್ಲಿದ್ದರೆ ಮಾತ್ರ ಹಿಂಸೆ ಎಂಬ ಕೂಗು ಏಳುತ್ತದೆ.

2025ರ ಜುಲೈಯಲ್ಲಿ ಬೆಂಗಳೂರಿನ ಪಾಲಿಕೆ ಬಿಬಿಎಂಪಿ ಸುಮಾರು 5,000 ಬೀದಿನಾಯಿಗಳಿಗೆ ಕೋಳಿ ಅನ್ನ ಹಾಕಲು ಹೊರಟು ಟೆಂಡರ್ ಕರೆದಾಗಲೂ ನಾಯಿಯ ಊಟವೆಂದರೆ ಮಾಂಸ ಎಂಬ ಇದೇ ನಂಬಿಕೆ ಕಾಣಿಸಿತು. ತೆರಿಗೆ ದುಡ್ಡಿನಲ್ಲಿ ನಾಯಿಗೆ ಕೋಳಿಯೇ ಎಂದು ಒಂದು ಗುಂಪು ರೇಗಿತು. ಬಾಯಿಲ್ಲದ ಪ್ರಾಣಿಗೆ ಇಷ್ಟೂ ಬೇಡವೇ ಎಂದು ಇನ್ನೊಂದು ಗುಂಪು ಮರುಗಿತು. ಅದು ಕೋಳಿಯೇ ಯಾಕಾಗಬೇಕು, ಅಷ್ಟೇ ಪ್ರೋಟೀನನ್ನು ಇನ್ನೂ ಅಗ್ಗವಾಗಿ ಸೋಯಾದಿಂದ ಕೊಡಬಹುದಲ್ಲ ಎಂಬ ಪ್ರಶ್ನೆ ಆ ಜಗಳದಲ್ಲಿ ಮುಂದೆ ಬರಲೇ ಇಲ್ಲ. ನಾಯಿ ಎಂದರೆ ಕೋಳಿ ಎಂಬುದರಲ್ಲಿ ಮಾತ್ರ ಎರಡೂ ಗುಂಪಿಗೆ ಒಮ್ಮತವಿತ್ತು.

‘ಆದರೂ ಆ ವೀಗನ್ ಪೊಟ್ಟಣದಲ್ಲಿ ಕೃತಕ ಪೋಷಕಾಂಶ ಬೆರೆಸಿರುತ್ತಾರೆ, ಅದು ಸಹಜವಲ್ಲ’ ಎನ್ನುತ್ತಾರೆ. ಬೆರೆಸುತ್ತಾರೆ, ಬೆರೆಸಲೇಬೇಕು. ಬೇಳೆಕಾಳಿನಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆ, ಆದ್ದರಿಂದ ಅದನ್ನು ಸೇರಿಸುತ್ತಾರೆ. ಬಿ12 ಅನ್ನು ಬ್ಯಾಕ್ಟೀರಿಯಾಗಳಿಂದ ತೆಗೆಯುತ್ತಾರೆ. ನಾಯಿ ನಮ್ಮ ಹಾಗೆ ಬಿಸಿಲಿಗೆ ಮೈಯೊಡ್ಡಿ ವಿಟಮಿನ್ ಡಿ ಮಾಡಿಕೊಳ್ಳಲಾರದು, ಅದನ್ನು ತಿಂದೇ ಪಡೆಯಬೇಕು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ಬಳಗದ ಜೀವಿಗಳಿಂದ ಅದನ್ನು ಪಡೆಯುವ ದಾರಿ ಈಗ ಇದೆ. ಈಗ ಆ ‘ಸಹಜ’ ಕೋಳಿಯ ಕಡೆ ಬನ್ನಿ. ಫಾರಂನಲ್ಲಿ ಬೆಳೆದ ಆ ಕೋಳಿ ತಿಂದದ್ದು ಮೆಕ್ಕೆಜೋಳ, ಸೋಯಾ ಹಿಂಡಿ, ಅದರ ಜೊತೆಗೆ ಕಾರ್ಖಾನೆಯಲ್ಲಿ ತಯಾರಾದ ಇದೇ ಮೆಥಿಯೋನಿನ್, ಇದೇ ವಿಟಮಿನ್ ಪುಡಿ. ಮಾಂಸವಿರುವ ಡಾಗ್ ಫುಡ್ಡಿನ ಪೊಟ್ಟಣ ತಿರುಗಿಸಿ ಓದಿದರೂ ಅದೇ ವಿಟಮಿನ್ನು, ಅದೇ ಖನಿಜಗಳ ಪಟ್ಟಿ. ಸೋಯಾ ಮತ್ತು ಪುಡಿ ಕೋಳಿಯ ಹೊಟ್ಟೆಯೊಳಗಿಂದ ಹಾದು ಬಂದರೆ ಪ್ರಕೃತಿ, ನೇರವಾಗಿ ಬಂದರೆ ವಿಕೃತಿ. ಈ ತರ್ಕ ನನಗಂತೂ ತಿಳಿಯದು.

ಪುರಾವೆ ಎಲ್ಲಿ ಎಂದು ಕೇಳುವುದು ನ್ಯಾಯ. ಪುರಾವೆ ಇದೆ, ಆದರೆ ಬೆಟ್ಟದಷ್ಟಿಲ್ಲ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜಾರುಬಂಡಿ ಪಂದ್ಯದಲ್ಲಿ ಓಡುವ 12 ಸೈಬೀರಿಯನ್ ಹಸ್ಕಿಗಳಲ್ಲಿ ಅರ್ಧಕ್ಕೆ ಮಾಂಸದ ಆಹಾರ, ಅರ್ಧಕ್ಕೆ ಮಾಂಸವಿಲ್ಲದ್ದು, 16 ವಾರ ಕೊಟ್ಟರು. ಪಂದ್ಯದ ದಿನಗಳೂ ಅದರೊಳಗೇ ಬಂದವು. ಎರಡೂ ಗುಂಪಿನ ರಕ್ತಪರೀಕ್ಷೆ ಸರಿಯಾಗಿಯೇ ಇತ್ತು. ಇಲ್ಲೊಂದು ಸ್ವಾರಸ್ಯವಿದೆ. ಹಿಮಪ್ರದೇಶದ ತಳಿಗಳಲ್ಲಿ ನಾನು ಮೇಲೆ ಹೇಳಿದ ಅಮೈಲೇಸ್ ಜೀನಿನ ಪ್ರತಿಗಳು ಬೇರೆ ನಾಯಿಗಳಿಗಿಂತ ಕಡಿಮೆ. ತೋಳಕ್ಕೆ ಹತ್ತಿರದ ಹೊಟ್ಟೆಯಿರುವ ನಾಯಿಯೇ ಮಾಂಸವಿಲ್ಲದೆ ಬಂಡಿ ಎಳೆದು ತೋರಿಸಿತು. 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 15 ನಾಯಿಗಳಿಗೆ ಒಂದು ವರ್ಷ ಸಸ್ಯಮೂಲದ ಒಣ ಆಹಾರ ಕೊಟ್ಟು ರಕ್ತ, ವಿಟಮಿನ್ನು, ಹೃದಯದ ಸೂಚಕಗಳನ್ನು ನೋಡಿದರು. ಆರೋಗ್ಯ ಉಳಿದಿತ್ತು. 2022ರಲ್ಲಿ ಆ್ಯಂಡ್ರೂ ನೈಟ್ ಮತ್ತು ಸಂಗಡಿಗರು 2,536 ನಾಯಿಗಳ ಬಗ್ಗೆ ಅವುಗಳ ಒಡೆಯರನ್ನೇ ಕೇಳಿ, ವೀಗನ್ ಆಹಾರದ ನಾಯಿಗಳು ಸಾಮಾನ್ಯ ಆಹಾರದವುಗಳಿಗಿಂತ ಆರೋಗ್ಯವಾಗಿವೆ ಎಂದು ಬರೆದರು. ವೀಗನ್ ಮಿತ್ರರು ಎಲ್ಲೆಡೆ ಹಂಚುವುದು ಈ ಕೊನೆಯದನ್ನೇ. ಅದರ ಮೇಲೆ ನಾನು ಹೆಚ್ಚು ಭಾರ ಹಾಕುವುದಿಲ್ಲ. ತನ್ನ ನಾಯಿ ಚೆನ್ನಾಗಿಲ್ಲ ಎಂದು ಯಾವ ವೀಗನ್ ಒಡೆಯ ಒಪ್ಪಿಕೊಂಡಾನು? ಅಧ್ಯಯನಕ್ಕೆ ಹಣ ಕೊಟ್ಟದ್ದೂ ಸಸ್ಯಾಹಾರ ಪ್ರಚಾರದ ಒಂದು ಸಂಸ್ಥೆ.

ಪ್ರಯೋಗಗಳು ಚಿಕ್ಕವು, ಅವಧಿ ಕಡಿಮೆ, ನಿಜ. ಆದರೆ ಹಾಗೆ ಹೇಳುವ ಬಾಯಿಯೇ ಹಸಿಮಾಂಸದ ಊಟಕ್ಕೆ ಯಾವ ಪುರಾವೆ ಕೇಳಿತು? 1993ರಲ್ಲಿ ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಬರೆದ ಪುಸ್ತಕದಿಂದ ಹಬ್ಬಿದ ಹಸಿಮಾಂಸದ ಪಂಥ ಇವತ್ತು ಬೆಂಗಳೂರಿನ ಫ್ರೀಜರುಗಳಲ್ಲೂ ಇದೆ. ಸಾಲ್ಮೊನೆಲ್ಲಾದಂಥ ರೋಗಾಣುಗಳ ಭಯದಿಂದ ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಇದು ಬೇಡ ಎಂದಿತ್ತು. ನಾಯಿ ಹಸಿಮಾಂಸ ತಿಂದು, ಅದೇ ಬಾಯಲ್ಲಿ ಮಗುವಿನ ಕೆನ್ನೆ ನೆಕ್ಕುವ ಮನೆಯಲ್ಲಿ ಈ ಅಪಾಯ ನಾಯಿಗಷ್ಟೇ ಅಲ್ಲ. ಆದರೂ ಅದನ್ನು ಹಿಂಸೆ ಎಂದವರಿಲ್ಲ. ತೋಳದ ಹೆಸರಿತ್ತಲ್ಲ.

ಎದುರಿನವರ ಕೈಯಲ್ಲಿ ಇರುವ ಒಂದೇ ಗಟ್ಟಿ ಕಲ್ಲು ಹೃದಯದ ಕಾಯಿಲೆಯದ್ದು. ಅದನ್ನು ಅವರು ಸರಿಯಾಗಿ ಎಸೆಯುವುದೂ ಇಲ್ಲ. 2018ರ ಜುಲೈಯಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ‘ಧಾನ್ಯರಹಿತ’ ಎಂದು ಮಾರುವ ಆಹಾರ ತಿಂದ ನಾಯಿಗಳಲ್ಲಿ ಹೃದಯದ ಸ್ನಾಯು ಹಿಗ್ಗುವ ಕಾಯಿಲೆ ಕಾಣುತ್ತಿದೆ, ಆ ಆಹಾರಗಳಲ್ಲಿ ಬಟಾಣಿ, ಮಸೂರದಂಥ ಕಾಳುಗಳು ಹೆಚ್ಚಿವೆ ಎಂದಿತು. ಆ ಪೊಟ್ಟಣಗಳಲ್ಲಿ ಬಹುತೇಕವು ಮಾಂಸವಿದ್ದವೇ. ಗೋಧಿ ಅಕ್ಕಿ ತೋಳದ ಆಹಾರವಲ್ಲ ಎಂಬ ಮೋಹದಿಂದಲೇ ಧಾನ್ಯ ತೆಗೆದು ಕಾಳು ತುಂಬಿದ್ದರು. ಕಾರಣ ಇದೇ ಎಂದು ಸಾಬೀತಾಗಲಿಲ್ಲ, ಆದರೆ ಅನುಮಾನ ಪೂರ್ತಿ ಹೋಗಿಯೂ ಇಲ್ಲ. ವೀಗನ್ ಆಹಾರಗಳಲ್ಲೂ ಕಾಳುಗಳೇ ಪ್ರಧಾನವಾದ್ದರಿಂದ ಈ ಅನುಮಾನ ಅವುಗಳಿಗೂ ತಟ್ಟುತ್ತದೆ. ಹೃದಯಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶವನ್ನು ನಾಯಿ ತಾನೇ ತಯಾರಿಸಿಕೊಳ್ಳುತ್ತದೆ, ನಿಜ. ಗೋಲ್ಡನ್ ರಿಟ್ರೀವರ್‌ನಂಥ ಕೆಲವು ತಳಿಗಳಲ್ಲಿ ಮಾತ್ರ ಅದು ಕೆಲವೊಮ್ಮೆ ಸಾಲದೆ ಹೋಗುತ್ತದೆ. ಅಂಥ ನಾಯಿಗೆ ವೀಗನ್ ಆಹಾರ ಕೊಡುವವರು ಟಾರಿನ್ ಸೇರಿಸಿರುವುದನ್ನೇ ಆರಿಸಬೇಕು, ಆಗಾಗ ಹೃದಯ ಪರೀಕ್ಷೆ ಮಾಡಿಸಬೇಕು. ಇದನ್ನು ವೀಗನ್ ಮಿತ್ರರು ದೊಡ್ಡ ದನಿಯಲ್ಲಿ ಹೇಳುವುದಿಲ್ಲ.

ಬೆಕ್ಕಿನ ವಿಷಯ ಬೇರೆ. ಅದು ಟಾರಿನ್ ಅನ್ನು ಬೇಕಾದಷ್ಟು ಮಾಡಿಕೊಳ್ಳಲಾರದು, ಕ್ಯಾರೆಟ್ಟಿನಿಂದ ವಿಟಮಿನ್ ಎ ತೆಗೆಯಲಾರದು. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಸೋಲುತ್ತದೆ ಎಂಬುದು 1987ರಲ್ಲೇ ಗೊತ್ತಾಗಿದೆ. ಬ್ರಿಟಿಷ್ ಪಶುವೈದ್ಯರು ನಾಯಿಗೆ ಒಪ್ಪಿದ್ದನ್ನು ಬೆಕ್ಕಿಗೆ ಒಪ್ಪಿಲ್ಲ. ನಾನೂ ಒಪ್ಪುವುದಿಲ್ಲ.

‘ನಿಮ್ಮ ಸಿದ್ಧಾಂತವನ್ನು ಮೂಕಪ್ರಾಣಿಯ ಮೇಲೆ ಹೇರಬೇಡಿ’ ಎಂಬ ಮಾತಿಗೆ ಬರೋಣ. ಕತ್ತಿನ ಪಟ್ಟಿ ನಾಯಿ ಆರಿಸಿಕೊಂಡದ್ದಲ್ಲ. ಸಂತಾನಹರಣದ ಶಸ್ತ್ರಚಿಕಿತ್ಸೆಗೆ ಅದು ಸಹಿ ಹಾಕಿಲ್ಲ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಆ ಪುಟ್ಟ ಪಗ್ ಕಂಡು ದೇಶವೆಲ್ಲ ಪಗ್ ಕೊಂಡಿತಲ್ಲ, ಆ ಚಪ್ಪಟೆ ಮೂತಿಯನ್ನು ಅದರ ಮೇಲೆ ಹೇರಿದವರು ಯಾರು? ಉಸಿರಾಡಲು ಗೊರಗೊರ ಎನ್ನುವ ನಾಯಿಯನ್ನು ಚೆಂದಕ್ಕಾಗಿ ಹುಟ್ಟಿಸುತ್ತ ಬಂದವರು, ಹಸ್ಕಿಯನ್ನು ತಂದು ಏಪ್ರಿಲ್ ತಿಂಗಳ ಬಿಸಿಲಲ್ಲಿ ನಡೆಸುವವರು, ತಟ್ಟೆಯಲ್ಲಿ ಕೋಳಿಕಾಲು ಕಾಣದಿದ್ದರೆ ಮಾತ್ರ ಪ್ರಾಣಿಯ ಸ್ವಾತಂತ್ರ್ಯವನ್ನು ನೆನೆಯುತ್ತಾರೆ.

ಈ ಸಿಟ್ಟಿನ ಬೇರು ಬೇರೆಲ್ಲೋ ಇದೆ ಎಂಬ ಗುಮಾನಿ ನನಗೆ. ನಮ್ಮಲ್ಲಿ ಊಟಕ್ಕೆ ಜಾತಿಯಿದೆ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಅಡ್ಡ ನಿಂತರು. ಬಾಡಿಗೆ ಮನೆ ಕೇಳಲು ಹೋದರೆ ‘ನಾನ್‌ವೆಜ್ ತಿನ್ನುತ್ತೀರಾ’ ಎಂದು ಮೊದಲು ಕೇಳುವ ಊರು ನಮ್ಮದು. ಆ ಅವಮಾನ ಉಂಡವರಿಗೆ ‘ಮಾಂಸವಿಲ್ಲದ ನಾಯಿ’ ಎಂದೊಡನೆ ಅದೇ ಮಡಿ ಮತ್ತೆ ಬಂತು ಅನಿಸಿದರೆ ಆಶ್ಚರ್ಯವಿಲ್ಲ. ಮಕ್ಕಳ ಮೊಟ್ಟೆಯ ವಿಷಯದಲ್ಲಿ ನಾನು ಅವರ ಪಕ್ಷವೇ. ಆದರೆ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದು ಪ್ರಯೋಜನವಿಲ್ಲ. ಮೊಟ್ಟೆ ಕಿತ್ತುಕೊಂಡವರ ಮೇಲಿನ ಕೋಪ ನಾಯಿಯ ಕರುಳಿನ ರಚನೆಯನ್ನು ಬದಲಿಸುವುದಿಲ್ಲ.

ಇನ್ನೊಂದು ವಾದ ಉಳಿದಿದೆ. ನಾಯಿ ತಿನ್ನುವುದು ಕಸಾಯಿಖಾನೆಯಲ್ಲಿ ನಾವು ಬಿಟ್ಟದ್ದನ್ನು, ಅದಕ್ಕಾಗಿ ಯಾವ ಪ್ರಾಣಿಯೂ ಹೆಚ್ಚುವರಿಯಾಗಿ ಸಾಯುವುದಿಲ್ಲ ಎಂಬ ವಾದ. ಕೋಳಿ ಅಂಗಡಿಯಿಂದ ಕಾಲು, ಕುತ್ತಿಗೆ, ಈಲಿ ಕಟ್ಟಿಸಿಕೊಂಡು ಹೋಗುವವರ ಮಟ್ಟಿಗೆ ಇದರಲ್ಲಿ ಹುರುಳಿದೆ, ಅವರೊಡನೆ ನನಗೆ ಜಗಳವಿಲ್ಲ. ಆದರೆ ‘ಮನುಷ್ಯರು ತಿನ್ನುವ ದರ್ಜೆಯ ಮಾಂಸ ಮಾತ್ರ’ ಎಂದು ಪೊಟ್ಟಣದ ಮೇಲೆ ಮುದ್ರಿಸಿ ದುಬಾರಿ ಬೆಲೆಗೆ ಮಾರುವವರೂ ಅದನ್ನು ಕೊಳ್ಳುವವರೂ ಈ ಮಾತು ಆಡುವಂತಿಲ್ಲ. 2017ರಲ್ಲಿ ಲಾಸ್ ಏಂಜಲೀಸಿನ ಸಂಶೋಧಕ ಗ್ರೆಗರಿ ಓಕಿನ್ ಹಾಕಿದ ಲೆಕ್ಕದಲ್ಲಿ ಅಮೆರಿಕದ ಪ್ರಾಣಿಮೂಲದ ಆಹಾರೋತ್ಪಾದನೆ ಭೂಮಿ, ನೀರು, ಇಂಧನದ ಮೇಲೆ ಹೇರುವ ಹೊರೆಯಲ್ಲಿ ನೂರಕ್ಕೆ 25ರಿಂದ 30 ಪಾಲು ಅಲ್ಲಿನ ನಾಯಿ ಬೆಕ್ಕುಗಳದ್ದು. ಉಪ್ಪಿನಕಾಯಿಯಷ್ಟು ಎಂದು ತಳ್ಳಿಹಾಕುವ ಪ್ರಮಾಣವಲ್ಲ ಅದು.

ನಮ್ಮ ಅಂಗಡಿಗಳಲ್ಲೂ ಈಗ ಸಸ್ಯಾಹಾರಿ ಡಾಗ್ ಫುಡ್ ಸಿಗುತ್ತದೆ. ಪೆಡಿಗ್ರಿಯವರೇ ಭಾರತದಲ್ಲಿ ಒಂದನ್ನು ಮಾರುತ್ತಾರೆ. ಅದನ್ನು ಕೊಳ್ಳುವವರು ಹಸಿರು ಚುಕ್ಕೆ ನೋಡಿ ಸಮಾಧಾನಪಡುತ್ತಾರೆ, ಬೇಡ ಎನ್ನುವವರು ಅದೇ ಚುಕ್ಕೆ ನೋಡಿ ಮುಖ ತಿರುಗಿಸುತ್ತಾರೆ. ಪೊಟ್ಟಣದ ಹಿಂಬದಿಯನ್ನು ಇಬ್ಬರೂ ಓದುವುದಿಲ್ಲ. ಅಲ್ಲಿ ನೋಡಬೇಕಾದ್ದು ಇಷ್ಟು. ಇದು ಪೂರ್ಣ ಆಹಾರವೋ, ಇನ್ನೊಂದರ ಜೊತೆಗೆ ಕೊಡುವ ತಿನಿಸೋ, ಮರಿಗೋ, ಬೆಳೆದ ನಾಯಿಗೋ, ಪ್ರೋಟೀನು ಎಷ್ಟು, ಮೆಥಿಯೋನಿನ್, ಟಾರಿನ್, ವಿಟಮಿನ್ ಡಿ, ಬಿ12 ಸೇರಿಸಿದ್ದಾರೋ ಇಲ್ಲವೋ. ಪಶು ಪೋಷಣೆ ಓದಿದ ಒಬ್ಬರಾದರೂ ನಿಮ್ಮಲ್ಲಿದ್ದಾರೆಯೇ ಎಂದು ಕಂಪನಿಗೆ ಫೋನು ಮಾಡಿ ಕೇಳಿ. ಬಸುರಿ ನಾಯಿ, ಬೆಳೆಯುವ ಮರಿ ಇದ್ದರೆ ಪಶುವೈದ್ಯರನ್ನು ಕಾಣದೆ ಏನನ್ನೂ ಬದಲಿಸಬೇಡಿ. ಬೆಳೆದ ನಾಯಿಯ ಆಹಾರವನ್ನು ಒಂದೇ ದಿನಕ್ಕೆ ಬದಲಿಸದೆ ವಾರವೊಂದರಲ್ಲಿ ಹಳೆಯದರ ಜೊತೆ ಬೆರೆಸುತ್ತ ಬನ್ನಿ, ಆರು ತಿಂಗಳಿಗೊಮ್ಮೆ ತೂಕ ನೋಡಿಸಿ, ರಕ್ತ ಪರೀಕ್ಷೆ ಮಾಡಿಸಿ. ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಪೊಟ್ಟಣವನ್ನು, ಅದರ ಮೇಲಿನ ಗುರುತು ಹಸಿರಿರಲಿ ಕಂದಿರಲಿ, ಅಂಗಡಿಯಲ್ಲೇ ಬಿಟ್ಟು ಬನ್ನಿ.